ಕಾಲೇಜಿನ ಸೇವಾ ಬಳಗ ಕಟ್ಟುವುದು, ನಡೆಸುವುದು, ವರದಿ ಬರೆಯುವುದು: ಬೆಂಗಳೂರಿನ ವಿದ್ಯಾರ್ಥಿಗಳಿಗೊಂದು ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಲ್ಲಿ ಸೇವಾ ಬಳಗವೇ ಇಲ್ಲದ ಕಾಲೇಜು ಇಂದು ಅಪರೂಪ. ರಾಷ್ಟ್ರೀಯ ಸೇವಾ ಯೋಜನೆಯ ಘಟಕವೋ, ರೋಟರಿ, ಲಯನ್ಸ್ ಸಂಸ್ಥೆಗಳ ಯುವ ಬಳಗಗಳಾದ ರೋಟರಾಕ್ಟ್ ಅಥವಾ ಲಿಯೋ ಕ್ಲಬ್ಬೋ, ವಿದ್ಯಾರ್ಥಿಗಳೇ ಸೇರಿ ಹುಟ್ಟುಹಾಕಿದ ಸ್ವತಂತ್ರ ತಂಡವೋ, ಯಾವುದಾದರೊಂದು ಇದ್ದೇ ಇರುತ್ತದೆ. ಆದರೆ ಬಳಗವೊಂದು ಇರುವುದೇ ಬೇರೆ, ಅದರಿಂದ ಯಾರಿಗಾದರೂ ಉಪಯೋಗವಾಗುವುದೇ ಬೇರೆ. ಗಾಂಧಿ ಜಯಂತಿಯ ವಾರದಲ್ಲಿ ಒಂದೇ ಮಕ್ಕಳ ಆಶ್ರಮಕ್ಕೆ ಒಂದರ ಹಿಂದೊಂದು ತಂಡಗಳು ಬಂದು ಬಿಸ್ಕತ್ತು, ಬಾಳೆಹಣ್ಣು ಹಂಚಿ ಫೋಟೊ ತೆಗೆಸಿಕೊಂಡು ಹೋಗುತ್ತವೆ. ನವೆಂಬರ್ ತಿಂಗಳಲ್ಲಿ ಅದೇ ಆಶ್ರಮದ ಎಂಟನೇ ತರಗತಿಯ ಹುಡುಗನಿಗೆ ಭಿನ್ನರಾಶಿ ಹೇಳಿಕೊಡಲು ಒಬ್ಬರೂ ಸಿಗುವುದಿಲ್ಲ. ಈ ಬರಹ ಬಾಳೆಹಣ್ಣಿನ ದಿನದ ಬಗ್ಗೆ ಅಲ್ಲ, ಆ ನವೆಂಬರಿನ ಬಗ್ಗೆ. ಸೇವೆ ಪಡೆಯುವವರು ಕೇಳಿದ್ದನ್ನು, ಒಂದೇ ಕಡೆ, ದೀರ್ಘಕಾಲ ಮಾಡುವ ಬಳಗವನ್ನು ಕಟ್ಟುವುದು ಹೇಗೆಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ.

ಮೊದಲ ಹಂತ: ಯಾವ ಆಶ್ರಯದಲ್ಲಿ ಕೆಲಸ ಮಾಡುತ್ತೀರಿ ಎಂಬುದನ್ನು ನಿರ್ಧರಿಸಿ

ನಿಮ್ಮ ಕಾಲೇಜಿನಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ ಘಟಕವಿದ್ದರೆ ಹೊಸ ಹೆಸರು, ಹೊಸ ಲಾಂಛನದ ಬಗ್ಗೆ ಯೋಚಿಸುವ ಮುನ್ನ ಅದರ ಕಾರ್ಯಕ್ರಮಾಧಿಕಾರಿಯನ್ನು ಭೇಟಿ ಮಾಡಿ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ಈ ಯೋಜನೆಯಲ್ಲಿ ಒಬ್ಬ ಸ್ವಯಂಸೇವಕನು ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಸಲ್ಲಿಸಬೇಕು, ಜೊತೆಗೆ ಏಳು ದಿನಗಳ ವಿಶೇಷ ಶಿಬಿರದಲ್ಲಿ ಭಾಗವಹಿಸಬೇಕು. 120 ಗಂಟೆ ಎಂದರೆ ವಾರಕ್ಕೆ ಎರಡೂವರೆ ಗಂಟೆಗಿಂತ ಕಡಿಮೆ. ಇದು ಸಣ್ಣ ಅವಧಿಯೆಂದು ಕಂಡರೂ, ಒಂದೇ ಶಾಲೆಗೋ ಒಂದೇ ಆಸ್ಪತ್ರೆಗೋ ಮೀಸಲಿಟ್ಟರೆ ಗಣನೀಯ ಕೆಲಸವಾಗುತ್ತದೆ. ಹತ್ತು ಕಡೆ ಹರಿದು ಹಂಚಿದರೆ ಹಾಜರಾತಿ ಪುಸ್ತಕದಲ್ಲಷ್ಟೇ ಉಳಿಯುತ್ತದೆ.

ರೋಟರಾಕ್ಟ್, ಲಿಯೋ ಕ್ಲಬ್ಬುಗಳಿಗೆ ಹಿರಿಯರ ಮಾತೃಸಂಸ್ಥೆಯ ಬೆಂಬಲವಿರುತ್ತದೆ. ವೈದ್ಯರು, ಲೆಕ್ಕಪರಿಶೋಧಕರು, ವಕೀಲರು ಆ ಬಳಗದಲ್ಲೇ ಸಿಗುತ್ತಾರೆ. ರೋಟರಿಯ ವರ್ಷ ಜುಲೈ 1ಕ್ಕೆ ಆರಂಭವಾಗುವುದರಿಂದ ಪದಾಧಿಕಾರಿಗಳ ಬದಲಾವಣೆಗೂ ನಿಮ್ಮ ಸೆಮಿಸ್ಟರ್‌ಗೂ ಹೊಂದಾಣಿಕೆಯಾಗುತ್ತದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಿ. ಸ್ವತಂತ್ರ ತಂಡವಾದರೆ ಪ್ರಾಂಶುಪಾಲರಿಂದ ಲಿಖಿತ ಅನುಮತಿ ಪಡೆದು, ಒಬ್ಬ ಅಧ್ಯಾಪಕರನ್ನು ಸಂಯೋಜಕರನ್ನಾಗಿ ಗೊತ್ತುಪಡಿಸಿಕೊಳ್ಳಿ. ಕಾಲೇಜಿನ ಮೊಹರಿರುವ ಪತ್ರವಿಲ್ಲದೆ ಸರ್ಕಾರಿ ಶಾಲೆ, ಆಸ್ಪತ್ರೆ, ಬಾಲಮಂದಿರಗಳ ಬಾಗಿಲು ತೆರೆಯುವುದಿಲ್ಲ, ತೆರೆಯಲೂಬಾರದು.

ಎರಡನೇ ಹಂತ: ಏನು ಬೇಕೆಂದು ಕೇಳಿ, ಆಮೇಲೆ ಯೋಜನೆ ಹಾಕಿ

ಬಹುತೇಕ ಬಳಗಗಳು ಎಡವುವುದು ಇಲ್ಲಿಯೇ. ಯೋಜನೆಯನ್ನು ಕ್ಯಾಂಟೀನಿನಲ್ಲಿ ಕುಳಿತು ಹಾಕಿ, ಅನಂತರ ಅದನ್ನು ಒಪ್ಪಿಕೊಳ್ಳುವ ಸಂಸ್ಥೆಯನ್ನು ಹುಡುಕಿಕೊಂಡು ಹೋಗುತ್ತಾರೆ. ಆಶ್ರಮದ ಮೇಲ್ವಿಚಾರಕಿಗೆ ದಾನಿಗಳ ಕಾಲೇಜನ್ನು ಎದುರು ಹಾಕಿಕೊಳ್ಳಲು ಮನಸ್ಸಿರುವುದಿಲ್ಲ, ಹಾಗಾಗಿ ಬೇಡವೆನ್ನುವುದಿಲ್ಲ. ಆದ್ದರಿಂದ ಮೊದಲ ಭೇಟಿಗೆ ಇಬ್ಬರೇ ಹೋಗಿ, ಬರಿಗೈಯಲ್ಲಿ ಹೋಗಿ, ಕ್ಯಾಮೆರಾ ಹೊರತೆಗೆಯಬೇಡಿ. ವಾರದ ಯಾವ ದಿನ, ಯಾವ ಹೊತ್ತಿನಲ್ಲಿ ಕೈ ಸಾಲುವುದಿಲ್ಲ? ಈಗಾಗಲೇ ಬರುತ್ತಿರುವ ತಂಡಗಳಲ್ಲಿ ಯಾವುದರಿಂದ ನಿಜವಾಗಿ ಪ್ರಯೋಜನವಾಗಿದೆ, ಯಾವುದರಿಂದ ತೊಂದರೆಯಾಗಿದೆ? ನಾವು ಬರುವುದನ್ನು ನಿಲ್ಲಿಸಿದರೆ ಆಗುವ ನಷ್ಟವೇನು? ಈ ಮೂರನ್ನು ಕೇಳಿ. ಕೊನೆಯ ಪ್ರಶ್ನೆಗೆ ಉತ್ತರ ಹೊಳೆಯದಿದ್ದರೆ ಆ ಸ್ಥಳಕ್ಕೆ ನಿಮ್ಮ ಅಗತ್ಯವಿಲ್ಲವೆಂದೇ ತಿಳಿಯಬಹುದು.

ಈ ಊರಿನಲ್ಲಿ ದೂರವೂ ಯೋಜನೆಯ ಒಂದು ಭಾಗ. ಊರಿನ ಒಂದು ತುದಿಯ ಕಾಲೇಜಿನವರು ಇನ್ನೊಂದು ತುದಿಯ ಶಾಲೆಯನ್ನು ಆರಿಸಿಕೊಂಡರೆ ಎರಡನೇ ತಿಂಗಳಿಗೆ ಹಾಜರಾತಿ ಅರ್ಧಕ್ಕೆ ಇಳಿಯುತ್ತದೆ. ಕಾಲೇಜಿನಿಂದ ನಡೆದು ಹೋಗಬಹುದಾದ ಅಥವಾ ಒಂದೇ ಬಸ್ಸಿನಲ್ಲಿ, ಒಂದೇ ಮೆಟ್ರೊ ಮಾರ್ಗದಲ್ಲಿ ತಲುಪಬಹುದಾದ ಸ್ಥಳವನ್ನೇ ಆರಿಸಿ. ಶಕ್ತಿ ಯೋಜನೆಯಡಿ 2023ರ ಜೂನ್‌ನಿಂದ ರಾಜ್ಯದ ಮಹಿಳೆಯರಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿರುವುದರಿಂದ, ಬಸ್ ಮಾರ್ಗದಲ್ಲಿರುವ ಸ್ಥಳ ಆರಿಸಿಕೊಂಡರೆ ಹಲವು ವಿದ್ಯಾರ್ಥಿನಿಯರಿಗೆ ಸೇವೆಯ ಖರ್ಚೇ ಇರುವುದಿಲ್ಲ. ಪ್ರಯಾಣದ ಹಣವಿಲ್ಲದೆ ಹಿಂದೆ ಸರಿಯುವವರು ಕಾರಣವನ್ನು ಬಾಯಿಬಿಟ್ಟು ಹೇಳುವುದಿಲ್ಲ ಎಂಬುದನ್ನು ಸಂಯೋಜಕರು ನೆನಪಿನಲ್ಲಿಡಬೇಕು.

ಮೂರನೇ ಹಂತ: ಒಂದು ಮುಖ್ಯ ಯೋಜನೆ. ಉದಾಹರಣೆಗೆ, ದೃಷ್ಟಿದೋಷವುಳ್ಳವರಿಗೆ ಪರೀಕ್ಷೆ ಬರೆದುಕೊಡುವುದು

ವರ್ಷಕ್ಕೆ ಒಂದು ದೊಡ್ಡ ಯೋಜನೆ, ಒಂದೆರಡು ಸಣ್ಣವು. ಇದಕ್ಕಿಂತ ಹೆಚ್ಚು ಬೇಡ. ದೊಡ್ಡ ಯೋಜನೆಯ ಮಾದರಿಯಾಗಿ ಲಿಪಿಕಾರರ, ಎಂದರೆ ಅಭ್ಯರ್ಥಿ ಹೇಳಿದ ಉತ್ತರವನ್ನು ಬರೆದುಕೊಡುವವರ, ಸೇವೆಯನ್ನು ತೆಗೆದುಕೊಂಡು ವಿವರಿಸುತ್ತೇನೆ. ವಿದ್ಯಾರ್ಥಿಗಳೇ ಮಾಡಬಹುದಾದ, ಹಣ ಬೇಡದ, ಮಾಡದಿದ್ದರೆ ಒಬ್ಬರ ಇಡೀ ವರ್ಷವೇ ಹಾಳಾಗಬಹುದಾದ ಸೇವೆ ಇದು. ಊರಿನಲ್ಲಿ ಈ ಕ್ಷೇತ್ರದಲ್ಲಿ ಬಹುಕಾಲದಿಂದ ದುಡಿಯುತ್ತಿರುವ ಮಿತ್ರ ಜ್ಯೋತಿ, ಸಮರ್ಥನಂನಂತಹ ಸಂಸ್ಥೆಗಳಿವೆ. ಅವುಗಳ ಮೂಲಕ ಹೋಗುವುದು ಒಳ್ಳೆಯದು.

ನಿಯಮಗಳನ್ನು ಮೊದಲು ಓದಿಕೊಳ್ಳಿ. ಕೇಂದ್ರ ಸರ್ಕಾರವು 2018ರ ಆಗಸ್ಟ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಲಿಪಿಕಾರರ ನೆರವು ಪಡೆಯುವ ಅಭ್ಯರ್ಥಿಗೆ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷಗಳ ಹೆಚ್ಚುವರಿ ಕಾಲಾವಕಾಶವಿದೆ. ಅಭ್ಯರ್ಥಿ ತಾನೇ ಲಿಪಿಕಾರರನ್ನು ಕರೆತಂದರೆ ಅವರ ವಿದ್ಯಾರ್ಹತೆ ಅಭ್ಯರ್ಥಿಯದಕ್ಕಿಂತ ಕೆಳಗಿರಬೇಕು. ಬೇರೆ ಬೇರೆ ವಿಷಯಗಳಿಗೆ, ಮುಖ್ಯವಾಗಿ ಭಾಷೆಗಳಿಗೆ, ಬೇರೆ ಬೇರೆ ಲಿಪಿಕಾರರನ್ನು ಇಟ್ಟುಕೊಳ್ಳಬಹುದು. ಇದರ ಮೇಲೆ ಪರೀಕ್ಷಾ ಮಂಡಳಿ, ವಿಶ್ವವಿದ್ಯಾಲಯಗಳು ತಮ್ಮದೇ ನಮೂನೆಗಳನ್ನು, ಕೊನೆಯ ದಿನಾಂಕಗಳನ್ನು ಇಟ್ಟುಕೊಂಡಿರುತ್ತವೆ. ಹಾಗಾಗಿ ಯಾರು ಯಾರಿಗೆ ಬರೆಯಬಹುದು ಎಂಬುದನ್ನು ಆಯಾ ಪರೀಕ್ಷಾ ವಿಭಾಗದಿಂದ ಲಿಖಿತವಾಗಿ ಖಚಿತಪಡಿಸಿಕೊಂಡೇ ಹೆಸರು ಕೊಡಿ. ವಿದ್ಯಾರ್ಹತೆಯ ಈ ನಿಯಮದಿಂದಾಗಿ ಬಳಗದ ಅಂತಿಮ ವರ್ಷದವರಿಗಿಂತ ಈಗಷ್ಟೇ ಪಿಯುಸಿ ಮುಗಿಸಿ ಬಂದ ಮೊದಲ ವರ್ಷದವರೇ ಹೆಚ್ಚು ಸಲ ಬೇಕಾಗುತ್ತಾರೆ. ಹೊಸಬರಿಗೆ ಕುರ್ಚಿ ಜೋಡಿಸುವ ಕೆಲಸವನ್ನಷ್ಟೇ ಕೊಡುವ ಬಳಗಗಳು ಇದನ್ನು ಗಮನಿಸಬೇಕು.

ದಿನಾಂಕಗಳ ಘರ್ಷಣೆ ಮತ್ತೊಂದು ತೊಡಕು. ಒಂದೇ ವಿಶ್ವವಿದ್ಯಾಲಯದ ಕಾಲೇಜುಗಳಿಗೆ ಪರೀಕ್ಷೆಗಳು ಒಟ್ಟಿಗೇ ಬರುವುದರಿಂದ, ನಿಮ್ಮ ಸ್ವಯಂಸೇವಕರಿಗೆ ಪರೀಕ್ಷೆಯಿರುವ ದಿನವೇ ಅಭ್ಯರ್ಥಿಗೂ ಪರೀಕ್ಷೆಯಿರುತ್ತದೆ. ಬೆಂಗಳೂರು ವಿಶ್ವವಿದ್ಯಾಲಯ 2017ರಲ್ಲಿ ಮೂರಾಗಿ ವಿಭಜನೆಯಾದ ಮೇಲೆ ಊರಿನಲ್ಲೇ ಬೇರೆ ಬೇರೆ ವೇಳಾಪಟ್ಟಿಗಳಿವೆ. ಸ್ವಾಯತ್ತ ಕಾಲೇಜುಗಳ, ತಾಂತ್ರಿಕ ವಿಶ್ವವಿದ್ಯಾಲಯದ ವೇಳಾಪಟ್ಟಿಗಳು ಪ್ರತ್ಯೇಕ. ಬೇರೆ ವೇಳಾಪಟ್ಟಿಯ ಇನ್ನೊಂದು ಕಾಲೇಜಿನ ಬಳಗದೊಡನೆ ಒಪ್ಪಂದ ಮಾಡಿಕೊಂಡರೆ ಎರಡೂ ಕಡೆಯವರಿಗೆ ಜನ ಸಿಗುತ್ತಾರೆ. ಬೇರೇನೂ ಮಾಡಲಾಗದಿದ್ದರೂ ಈ ಒಂದು ಒಪ್ಪಂದವನ್ನು ಖಂಡಿತ ಮಾಡಿಕೊಳ್ಳಿ.

ತರಬೇತಿಯನ್ನು ಹಳೆಯ ಪ್ರಶ್ನೆಪತ್ರಿಕೆಗಳಿಂದಲೇ ನಡೆಸಬಹುದು. ಇಬ್ಬಿಬ್ಬರ ಜೋಡಿ ಮಾಡಿ, ಒಬ್ಬರು ಕಣ್ಣುಮುಚ್ಚಿ ಉತ್ತರ ಹೇಳಲಿ, ಇನ್ನೊಬ್ಬರು ಬರೆಯಲಿ. ಆರಂಭದಲ್ಲಿ ಪ್ರಶ್ನೆಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಓದಿ ಹೇಳಬೇಕು: ಎಷ್ಟು ವಿಭಾಗಗಳು, ಎಲ್ಲಿ ಆಯ್ಕೆಯಿದೆ, ಯಾವುದಕ್ಕೆ ಎಷ್ಟು ಅಂಕ. ಕಣ್ಣಿರುವವರು ಪತ್ರಿಕೆ ಕೈಗೆ ಬಂದೊಡನೆ ಕಣ್ಣಾಡಿಸಿ ತಿಳಿಯುವುದನ್ನು ಅಭ್ಯರ್ಥಿಗೆ ನಿಮ್ಮ ದನಿಯೇ ತಿಳಿಸಬೇಕು. ಆಮೇಲೆ ಪ್ರತಿಯೊಂದು ಪ್ರಶ್ನೆಯನ್ನೂ ಅಂಕದ ಸಮೇತ, ಏರಿಳಿತವಿಲ್ಲದ ದನಿಯಲ್ಲಿ ಎರಡು ಸಲ ಓದಿ. ಬಹು ಆಯ್ಕೆಯ ಪ್ರಶ್ನೆಯಲ್ಲಿ ಸರಿಯುತ್ತರದ ಮೇಲೆ ದನಿ ಒಂದಿಷ್ಟು ಒತ್ತಿಬಂದರೂ ಅದು ಸುಳಿವು ಕೊಟ್ಟಂತೆ, ಅಂದರೆ ಅಕ್ರಮ. ಗಣಿತದಲ್ಲಿ ಆವರಣ ಎಲ್ಲಿ ತೆರೆದು ಎಲ್ಲಿ ಮುಚ್ಚುತ್ತದೆ ಎಂಬುದನ್ನು ಬಾಯಿಬಿಟ್ಟು ಹೇಳಲೇಬೇಕು. ‘ಎ ಪ್ಲಸ್ ಬಿ ಸ್ಕ್ವೇರ್’ ಎಂದು ಓದಿದರೆ ವರ್ಗ ಬಿ ಒಂದಕ್ಕೇ ಸೇರಿದ್ದೋ ಇಡೀ ಮೊತ್ತಕ್ಕೋ ಎಂಬುದು ಕೇಳುವವರಿಗೆ ತಿಳಿಯುವುದಿಲ್ಲ. ಉತ್ತರ ತಪ್ಪೆಂದು ನಿಮಗೆ ಖಚಿತವಾಗಿದ್ದರೂ ಹೇಳಿದ್ದನ್ನೇ ಬರೆಯಬೇಕು. ಹೆಸರು, ಪಾರಿಭಾಷಿಕ ಪದಗಳ ಕಾಗುಣಿತದಲ್ಲಿ ಅನುಮಾನ ಬಂದರೆ ಅಭ್ಯರ್ಥಿಯನ್ನೇ ಕೇಳಿ. ಪ್ರತಿ ಉತ್ತರ ಮುಗಿದ ಮೇಲೆ ಓದಿ ತೋರಿಸಿ, ಪ್ರಶ್ನೆಯ ಸಂಖ್ಯೆ ಸರಿಯಾಗಿದೆಯೇ ಎಂದು ಇಬ್ಬರೂ ಖಚಿತಪಡಿಸಿಕೊಂಡು ಮುಂದಕ್ಕೆ ಹೋಗಿ. ಅಕ್ಷರ ಸ್ಪಷ್ಟವಾಗಿರಬೇಕು, ವೇಗವೂ ಬೇಕು. ಮೂರು ಗಂಟೆಯ ಪತ್ರಿಕೆ ಹೆಚ್ಚುವರಿ ಕಾಲ ಸೇರಿ ನಾಲ್ಕು ಗಂಟೆಯಾಗುತ್ತದೆ. ಅಷ್ಟು ಹೊತ್ತು ಕೈ ಸೋಲದೆ ಬರೆಯುವ ಅಭ್ಯಾಸವಿಲ್ಲದವರನ್ನು ಕಳುಹಿಸುವುದು ಅಭ್ಯರ್ಥಿಗೆ ಅನ್ಯಾಯ.

ಅಭ್ಯರ್ಥಿ ಮತ್ತು ಲಿಪಿಕಾರರು ಪರೀಕ್ಷೆಗೆ ಮುನ್ನ ಒಮ್ಮೆಯಾದರೂ ಭೇಟಿಯಾಗಿ ಒಂದು ಅಧ್ಯಾಯದ ಪ್ರಶ್ನೋತ್ತರ ಅಭ್ಯಾಸ ಮಾಡಲಿ. ಸಂಸ್ಥೆಯೇ ಲಿಪಿಕಾರರನ್ನು ಒದಗಿಸುವಾಗಲೂ ಪರೀಕ್ಷೆಗೆ ಎರಡು ದಿನ ಮುಂಚೆ ಭೇಟಿಗೆ ಅವಕಾಶವಿರಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಬೀದರಿನಿಂದಲೋ ಚಾಮರಾಜನಗರದಿಂದಲೋ ಓದಲು ಬಂದವರ ಕನ್ನಡದ ಉಚ್ಚಾರ, ಓಘ ನಿಮ್ಮ ಕಿವಿಗೆ ಹೊಸದಾಗಿರಬಹುದು. ಆ ಕಿವಿ ಪಳಗುವುದು ಪರೀಕ್ಷಾ ಕೊಠಡಿಯಲ್ಲಿ ಆಗಬಾರದು. ಪ್ರತಿ ಪತ್ರಿಕೆಗೂ ಒಬ್ಬ ಬದಲಿ ಲಿಪಿಕಾರರ ಹೆಸರನ್ನು ಮೊದಲೇ ನೋಂದಾಯಿಸಿ. ಬೆಳಿಗ್ಗೆ ಎಂಟಕ್ಕೆ ಜ್ವರವೆಂದು ಬರುವ ಸಂದೇಶಕ್ಕೆ ಬೇರೆ ಪರಿಹಾರವಿಲ್ಲ.

ಪರೀಕ್ಷೆಯಿಲ್ಲದ ತಿಂಗಳುಗಳಲ್ಲಿ ಇದೇ ತಂಡ ಪಠ್ಯಗಳನ್ನು ಓದಿ ಧ್ವನಿಮುದ್ರಿಸಬಹುದು. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯು ಅಂಗವಿಕಲರ ಬಳಕೆಗಾಗಿ, ಲಾಭದ ಉದ್ದೇಶವಿಲ್ಲದೆ, ಇಂತಹ ರೂಪಾಂತರಕ್ಕೆ ಅವಕಾಶ ಕೊಟ್ಟಿದೆ. ಕನ್ನಡ ಮಾಧ್ಯಮದ ಪದವಿ ಪಠ್ಯಗಳಿಗೆ ಮೊದಲ ಆದ್ಯತೆ ಕೊಡಿ. ಇಂಗ್ಲಿಷಿನಲ್ಲಿ ಸಿಗುವಷ್ಟು ಧ್ವನಿ ಸಾಮಗ್ರಿ ಕನ್ನಡದಲ್ಲಿ ಸಿಗುವುದಿಲ್ಲ.

ನಾಲ್ಕನೇ ಹಂತ: ರಕ್ತದಾನ ಶಿಬಿರವನ್ನು ಸರಿಯಾದ ಕಾಲಕ್ಕೆ ಇಟ್ಟುಕೊಳ್ಳಿ

ಜೂನ್ 14ರ ವಿಶ್ವ ರಕ್ತದಾನಿಗಳ ದಿನ ಮತ್ತು ಅಕ್ಟೋಬರ್ 1ರ ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನಗಳಂದು ಊರಿನ ಕಾಲೇಜುಗಳೆಲ್ಲ ಒಮ್ಮೆಲೇ ಶಿಬಿರ ನಡೆಸಲು ಹೊರಟರೆ ರಕ್ತ ಬೇಕಾದವರಿಗೆ ಅದರಿಂದ ಸಿಗುವ ನೆರವು ಸೀಮಿತ. ಕೆಂಪು ರಕ್ತಕಣಗಳನ್ನು ಹೆಚ್ಚೆಂದರೆ ಸುಮಾರು ಆರು ವಾರ, ಪ್ಲೇಟ್‌ಲೆಟ್‌ಗಳನ್ನು ಐದು ದಿನ ಮಾತ್ರ ಇಡಲು ಸಾಧ್ಯ. ಕಾಲೇಜುಗಳಿಗೆ ರಜೆಯಿರುವಾಗ ದಾನಿಗಳು ಸಿಗುವುದು ಕಷ್ಟ. ಮಳೆಗಾಲದಲ್ಲಿ ಡೆಂಗಿ ಏರಿದಾಗ ಪ್ಲೇಟ್‌ಲೆಟ್‌ಗೆ ಬೇಡಿಕೆ ಏರುತ್ತದೆ. ಆದ್ದರಿಂದ ಪರವಾನಗಿಯುಳ್ಳ ರಕ್ತಕೇಂದ್ರವೊಂದನ್ನು ಸಂಪರ್ಕಿಸಿ, ಅವರಿಗೆ ಕೊರತೆಯಿರುವ ವಾರವನ್ನು ಕೇಳಿ ಶಿಬಿರವಿಡಿ. ಅದರ ಜೊತೆಗೆ ಕರೆದಾಗ ಬರಬಲ್ಲ ದಾನಿಗಳ ಪಟ್ಟಿಯೊಂದನ್ನು ರಕ್ತದ ಗುಂಪಿನ ಸಮೇತ ಸಿದ್ಧವಿಡಿ.

ದಾನಿಗೆ 18 ವರ್ಷ ತುಂಬಿರಬೇಕು, ತೂಕ ಕನಿಷ್ಠ 45 ಕಿಲೋ ಇರಬೇಕು, ಹಿಮೊಗ್ಲೋಬಿನ್ ಡೆಸಿಲೀಟರಿಗೆ 12.5 ಗ್ರಾಂಗಿಂತ ಕಡಿಮೆಯಿರಬಾರದು. ಹಿಂದಿನ ದಾನವಾಗಿ ಗಂಡಸರಿಗೆ 90, ಹೆಂಗಸರಿಗೆ 120 ದಿನ ಕಳೆದಿರಬೇಕು. ಖಾಲಿ ಹೊಟ್ಟೆಯಲ್ಲಿ ಬರಬಾರದು. ಬೆಳಿಗ್ಗೆ ತಿಂಡಿ ತಿನ್ನದೆ ಹಾಸ್ಟೆಲಿನಿಂದ ನೇರವಾಗಿ ಬರುವವರೇ ತಲೆಸುತ್ತಿ ಬೀಳುವುದರಿಂದ, ಶಿಬಿರದ ಬಾಗಿಲಲ್ಲೇ ಇಡ್ಲಿ, ನೀರು ಇಟ್ಟಿರಿ. ಹಾಜರಾತಿ ಕೊಡುತ್ತೇವೆ, ಆಂತರಿಕ ಅಂಕ ಕೊಡುತ್ತೇವೆ ಎಂಬ ಆಮಿಷಗಳನ್ನು ಯಾರೂ ಒಡ್ಡಬಾರದು: ಆಮಿಷಕ್ಕೆ ಬಂದವರು ತಮ್ಮ ಕಾಯಿಲೆಯನ್ನು ಮುಚ್ಚಿಡುವ ಸಂಭವವಿದೆ, ಅದರ ಪರಿಣಾಮ ರಕ್ತ ಪಡೆಯುವ ರೋಗಿಯ ಮೇಲಾಗುತ್ತದೆ. ಹಿಮೊಗ್ಲೋಬಿನ್ ಕಡಿಮೆಯೆಂದು ವಾಪಸು ಕಳುಹಿಸಲ್ಪಟ್ಟವರ ವಿಷಯವನ್ನು ಗುಟ್ಟಾಗಿಡಿ. ಹಾಗೆ ಹಿಂತಿರುಗುವವರಲ್ಲಿ ವಿದ್ಯಾರ್ಥಿನಿಯರೇ ಹೆಚ್ಚು. ಅವರನ್ನು ಒಬ್ಬ ವೈದ್ಯೆಯ ಬಳಿಗೆ ಕಳುಹಿಸಿ ರಕ್ತಹೀನತೆಗೆ ಚಿಕಿತ್ಸೆ ಕೊಡಿಸಿದರೆ ಶಿಬಿರದಿಂದ ಆದ ಉಪಕಾರಗಳಲ್ಲಿ ಅದೂ ಒಂದು.

ಐದನೇ ಹಂತ: ಕೆರೆ, ಗಿಡ

ಇದನ್ನು ಚುಟುಕಾಗಿ ಹೇಳುತ್ತೇನೆ. ಕೆರೆಯ ದಂಡೆಯಲ್ಲಿ ಕಸ ಹೆಕ್ಕುವ ಮೊದಲು ಆ ಕೆರೆಯ ಉಸ್ತುವಾರಿ ಯಾವ ಇಲಾಖೆಯದೆಂದು ತಿಳಿದು ಅನುಮತಿ ಪಡೆಯಿರಿ. ಜಕ್ಕೂರು, ಕೈಕೊಂಡ್ರಹಳ್ಳಿ, ಪುಟ್ಟೇನಹಳ್ಳಿಗಳಂತೆ ಸ್ಥಳೀಯರ ಕೆರೆ ಗುಂಪು ಇರುವಲ್ಲಿ ಅವರೊಡನೆ ಸೇರಿಕೊಳ್ಳಿ. ಹೆಕ್ಕಿದ ಕಸವನ್ನು ಹಸಿ, ಒಣ ಎಂದು ಬೇರ್ಪಡಿಸಿ, ಒಣಕಸ ಸಂಗ್ರಹ ಕೇಂದ್ರಕ್ಕೆ ಸಾಗಿಸುವ ವಾಹನ ಗೊತ್ತಾಗುವವರೆಗೆ ಕೆಲಸ ಆರಂಭಿಸಬೇಡಿ. ಇಲ್ಲದಿದ್ದರೆ ಚೀಲಗಳು ದಂಡೆಯ ಮೇಲೇ ಉಳಿದು ಹರಿಯುತ್ತವೆ. ಗಿಡ ನೆಡುವುದು ಮುಂಗಾರು ಹಿಡಿದ ಮೇಲೆ, ಜೂನ್–ಜುಲೈನಲ್ಲಿ. ಹೊಂಗೆ, ಬೇವು, ನೇರಳೆ, ಅತ್ತಿಯಂತಹ ನಮ್ಮ ನೆಲದ ಮರಗಳನ್ನು ಆರಿಸಿ, ಮುಂದಿನ ಎರಡು ಬೇಸಿಗೆಗಳಿಗೆ ನೀರು ಹಾಕುವವರ ಸರದಿಯನ್ನು ಬರೆದಿಟ್ಟುಕೊಂಡು, ಆ ಸರದಿಗೆ ಎಷ್ಟು ಜನರಿದ್ದಾರೋ ಅಷ್ಟೇ ಗಿಡಗಳನ್ನು ನೆಡಿ.

ಆರನೇ ಹಂತ: ಮಕ್ಕಳೊಡನೆ ಕೆಲಸ ಮಾಡುವಾಗಿನ ನಿಯಮಗಳು

ಸರ್ಕಾರಿ ಶಾಲೆಯ ಮಕ್ಕಳಿಗೆ ಶನಿವಾರ ಕಥೆಪುಸ್ತಕ ಓದಿಸುವುದು, ಗಣಿತ ಹೇಳಿಕೊಡುವುದು ಒಳ್ಳೆಯ ಕೆಲಸ. ಈ ಊರಿನ ಸರ್ಕಾರಿ ಶಾಲೆಗಳಲ್ಲಿ ಮನೆಯಲ್ಲಿ ತೆಲುಗು, ತಮಿಳು, ಉರ್ದು, ಹಿಂದಿ ಮಾತಾಡುವ ಕಟ್ಟಡ ಕಾರ್ಮಿಕರ, ಮನೆಗೆಲಸದವರ ಮಕ್ಕಳು ಬಹಳ ಇದ್ದಾರೆ. ಅವರಿಗೆ ಕನ್ನಡವೇ ಪಾಠದ ಬಾಗಿಲು. ದೊಡ್ಡ ಅಕ್ಷರದ ಒಂದು ಪುಸ್ತಕವನ್ನು ನಾಲ್ಕು ಮಕ್ಕಳ ನಡುವೆ ಇಟ್ಟು, ಸಾಲಿನ ಕೆಳಗೆ ಬೆರಳಿಟ್ಟು ಓದಿಸುತ್ತಾ ಹೋದರೆ ಯಾರು ಒತ್ತಕ್ಷರದಲ್ಲಿ ತಡವರಿಸುತ್ತಾರೆ, ಯಾರು ಕೇಳಿದ್ದನ್ನೇ ಬಾಯಿಪಾಠವಾಗಿ ಹೇಳುತ್ತಿದ್ದಾರೆ ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟು ಮುಂದಿನ ವಾರ ಬರುವವರಿಗೆ ಕೊಡಿ. ಪ್ರತಿ ವಾರ ಹೊಸಬರು ಬಂದು ಅಕ್ಷರಮಾಲೆಯಿಂದಲೇ ಆರಂಭಿಸಿದರೆ ಮಕ್ಕಳಿಗೆ ಬೇಸರ.

ಒಬ್ಬ ಸ್ವಯಂಸೇವಕ ಒಂದು ಮಗುವಿನೊಡನೆ ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿರಬಾರದು. ಶಾಲೆಯ ಶಿಕ್ಷಕರೊಬ್ಬರು ಆವರಣದಲ್ಲಿ ಇರಲೇಬೇಕು. ಮಕ್ಕಳ ಫೋನ್ ಸಂಖ್ಯೆ ಪಡೆಯುವುದು, ಉಡುಗೊರೆ ಕೊಡುವುದು, ಹೊರಗೆ ಕರೆದೊಯ್ಯುವುದು ಬೇಡ. ಯಾವುದೇ ಮಗು ತನ್ನ ಮೇಲಾಗುತ್ತಿರುವ ಲೈಂಗಿಕ ದೌರ್ಜನ್ಯದ ಬಗ್ಗೆ ಹೇಳಿಕೊಂಡರೆ ಗುಟ್ಟಾಗಿಡುವ ಮಾತು ಕೊಡಬೇಡಿ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಸಂಯೋಜಕ ಅಧ್ಯಾಪಕರಿಗೆ ಅದೇ ದಿನ ಹೇಳಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಬಾಲಮಂದಿರ, ಆಶ್ರಮಗಳ ಮಕ್ಕಳ ಗುರುತು ತಿಳಿಯುವಂತಹ ಹೆಸರು, ಫೋಟೊ ಪ್ರಕಟಿಸುವುದನ್ನು 2015ರ ಬಾಲನ್ಯಾಯ ಕಾಯ್ದೆ ನಿಷೇಧಿಸಿದೆ. ಮುಖ ಮಸುಕು ಮಾಡಿದ ಫೋಟೊಗಿಂತ ಫೋಟೊ ಇಲ್ಲದಿರುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ಏಳನೇ ಹಂತ: ಹಣ

ಹಣ ಎತ್ತದೆ ಮಾಡಬಹುದಾದ ಸೇವೆಯನ್ನೇ ಮೊದಲು ಮಾಡಿ. ಎತ್ತಲೇಬೇಕಾದರೆ ಕಾರ್ಯದರ್ಶಿಯ ಸ್ವಂತ ಯುಪಿಐ ಖಾತೆಗೆ ಒಂದು ರೂಪಾಯಿಯೂ ಬರಬಾರದು. ಕಾಲೇಜಿನ ಖಾತೆಗೆ ಅಥವಾ ನೇರವಾಗಿ ನೋಂದಾಯಿತ ಸಂಸ್ಥೆಯ ಖಾತೆಗೆ ಹೋಗಲಿ. ದೇಣಿಗೆಗೆ ಸಿಗುವ ಆದಾಯ ತೆರಿಗೆ ರಿಯಾಯಿತಿಯ ರಸೀದಿಯನ್ನು ಆ ಮಾನ್ಯತೆಯಿರುವ ಸಂಸ್ಥೆ ಮಾತ್ರ ಕೊಡಬಲ್ಲದು, ಅದೂ 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಅನ್ವಯಿಸುವುದಿಲ್ಲ; ಹಾಗಾಗಿ ದಾನಿಗಳಿಗೆ ಇಲ್ಲದ ಭರವಸೆ ಕೊಡಬೇಡಿ. ವಿದೇಶಿ ಪ್ರಜೆಗಳಿಂದ, ಸಂಸ್ಥೆಗಳಿಂದ ಹಣ ಪಡೆಯಲು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಬೇಕು. ವಿದ್ಯಾರ್ಥಿ ಬಳಗಕ್ಕೆ ಅದು ಇರುವುದಿಲ್ಲ. ಜಮಾ–ಖರ್ಚಿನ ಪಟ್ಟಿಯನ್ನು ತಿಂಗಳ ಕೊನೆಯಲ್ಲಿ ಸೂಚನಾ ಫಲಕದಲ್ಲಿ ಹಾಕಿ. ಬ್ಯಾನರಿಗೆ, ಶಾಲು–ಹಾರಗಳಿಗೆ ಆದ ಖರ್ಚನ್ನು ಪ್ರತ್ಯೇಕ ಸಾಲಿನಲ್ಲಿ ತೋರಿಸಿದರೆ ಅದು ತಾನಾಗಿಯೇ ಕಡಿಮೆಯಾಗುತ್ತದೆ.

ಎಂಟನೇ ಹಂತ: ಬಳಗದ ಸುದ್ದಿಯನ್ನು ಬರೆಯುವ ಬಗೆ

ಬಳಗದ ಸುದ್ದಿಪತ್ರವನ್ನು ಆಡಂಬರವೆಂದು ತಳ್ಳಿಹಾಕುವುದು ಸರಿಯಲ್ಲ. ಹೊಸಬರು ಸೇರುವುದು, ಪ್ರಾಂಶುಪಾಲರು ಅನುಮತಿ ಮುಂದುವರಿಸುವುದು, ಮುಂದಿನ ತಂಡ ಹಿಂದಿನ ತಂಡದಿಂದ ಕಲಿಯುವುದು ಇದರಿಂದಲೇ. ಆದರೆ ನಮ್ಮಲ್ಲಿ ಇಂತಹ ವರದಿಗಳಿಗೆ ಒಂದು ಸಿದ್ಧ ಅಚ್ಚು ಇದೆ: ‘ಗಣ್ಯರು ದೀಪ ಬೆಳಗಿಸಿ ಉದ್ಘಾಟಿಸಿದರು, ಹಣ್ಣು ಹಂಪಲು ವಿತರಿಸಲಾಯಿತು, ಕಾರ್ಯಕ್ರಮ ಯಶಸ್ವಿಯಾಗಿ ನೆರವೇರಿತು.’ ಇದನ್ನು ಓದಿದವರಿಗೆ ಸೇವೆ ಪಡೆದವರು ಯಾರು, ಅವರು ಕೇಳಿದ್ದೇನು, ಸಿಕ್ಕಿದ್ದೇನು ಎಂಬುದೊಂದೂ ತಿಳಿಯುವುದಿಲ್ಲ. ಅದರ ಬದಲು ಹೀಗೆ ಬರೆಯಬಹುದು: ‘ಮೂರನೇ ಸೆಮಿಸ್ಟರಿನ ಆರು ಪತ್ರಿಕೆಗಳಿಗೆ ಲಿಪಿಕಾರರು ಬೇಕೆಂದು ಕೋರಿಕೆ ಬಂದಿತ್ತು. ಐದಕ್ಕೆ ಒದಗಿಸಿದೆವು. ಅರ್ಥಶಾಸ್ತ್ರದ ಪತ್ರಿಕೆಗೆ ನಮ್ಮಿಂದಾಗದೆ ಇನ್ನೊಂದು ಕಾಲೇಜಿನವರು ಬಂದರು. ಕನ್ನಡದಲ್ಲಿ ವೇಗವಾಗಿ ಬರೆಯಬಲ್ಲ ನಾಲ್ವರು ಮುಂದಿನ ತಿಂಗಳು ಬೇಕು.’ ಕೊನೆಯ ವಾಕ್ಯವೇ ಓದುಗರನ್ನು ನಿಮ್ಮ ಕೋಣೆಗೆ ಕರೆತರುವುದು.

ಸುದ್ದಿಪತ್ರ ಕನ್ನಡದಲ್ಲಿರಲಿ, ಶಾಲೆಯ ಮುಖ್ಯೋಪಾಧ್ಯಾಯಿನಿ, ಆಶ್ರಮದ ಅಡುಗೆಯವರು, ವಿದ್ಯಾರ್ಥಿಗಳ ತಂದೆತಾಯಿಗಳೂ ಓದುವಂತಿರಲಿ. ಪ್ರಕಟಿಸುವ ಮುನ್ನ ಸೇವೆ ಪಡೆದವರಿಗೆ ತೋರಿಸಿ ಒಪ್ಪಿಗೆ ಪಡೆಯಿರಿ. ದೃಷ್ಟಿದೋಷವುಳ್ಳ ಸ್ನೇಹಿತರಿಗೂ ತಲುಪಬೇಕಾದ್ದರಿಂದ ಚಿತ್ರದೊಳಗೆ ಅಕ್ಷರ ಕೂರಿಸಿದ ಪೋಸ್ಟರನ್ನಷ್ಟೇ ವಾಟ್ಸಾಪಿನಲ್ಲಿ ಹಂಚದೆ, ಪರದೆ ಓದುವ ತಂತ್ರಾಂಶಕ್ಕೆ ಸಿಗುವಂತೆ ಯೂನಿಕೋಡ್ ಕನ್ನಡದ ಬರಹವನ್ನೂ ಜೊತೆಗೆ ಕಳುಹಿಸಿ. ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತವನ್ನು ಅಂತಹ ತಂತ್ರಾಂಶ ಸರಿಯಾಗಿ ಓದಲಾರದು.

ಒಂಬತ್ತನೇ ಹಂತ: ಹಸ್ತಾಂತರ

ಪದವಿಯ ಅವಧಿ ಮೂರು ನಾಲ್ಕು ವರ್ಷ; ಸಂಘಟಕರಿಗೆ ಅನುಭವ ಬರುವ ಹೊತ್ತಿಗೆ ಬೀಳ್ಕೊಡುಗೆ ಬರುತ್ತದೆ. ಆದ್ದರಿಂದ ಅಂತಿಮ ವರ್ಷದವರು ಕೊನೆಯ ಸೆಮಿಸ್ಟರಿನಲ್ಲಿ ಹೊಣೆ ಬಿಟ್ಟುಕೊಟ್ಟು, ಎರಡನೇ ವರ್ಷದವರು ನಡೆಸುವುದನ್ನು ಪಕ್ಕದಲ್ಲಿದ್ದು ನೋಡಬೇಕು. ಹಸ್ತಾಂತರದ ಕಡತದಲ್ಲಿ ಅನುಮತಿ ಪತ್ರಗಳು, ಸಂಪರ್ಕದಲ್ಲಿರುವ ಸಂಸ್ಥೆಗಳ ವಿವರ, ಲೆಕ್ಕದ ಪುಸ್ತಕ, ಮಕ್ಕಳ ಓದಿನ ಟಿಪ್ಪಣಿ, ಗಿಡಗಳಿಗೆ ನೀರು ಹಾಕುವ ಸರದಿ, ದಾನಿಗಳ ಪಟ್ಟಿ ಇರಲಿ. ದಾನಿಗಳ ಪಟ್ಟಿಯಿಂದ ಕಾಲೇಜು ಬಿಟ್ಟು ಹೋಗುವವರ ಹೆಸರನ್ನು ಅವರನ್ನು ಕೇಳಿಯೇ ಉಳಿಸಿಕೊಳ್ಳಿ ಅಥವಾ ತೆಗೆದುಹಾಕಿ. ಹೊಸ ಪದಾಧಿಕಾರಿಗಳನ್ನು ಪ್ರತಿಯೊಂದು ಶಾಲೆಗೂ ಸಂಸ್ಥೆಗೂ ಖುದ್ದಾಗಿ ಕರೆದೊಯ್ದು ಪರಿಚಯಿಸಿ, ಮುಂದಿನ ವರ್ಷ ಈ ಬಳಗ ಬರಬೇಕೇ, ಬಂದರೆ ಏನನ್ನು ಬದಲಿಸಿಕೊಳ್ಳಬೇಕು ಎಂದು ಅವರೆದುರಿಗೇ ಕೇಳಿ, ಉತ್ತರವನ್ನು ಆ ಕಡತದ ಮೊದಲ ಪುಟದಲ್ಲಿ ಬರೆದಿಡಿ.